ಹತ್ತೊಂಬತ್ತನೇ ಮೂಸೆ

ಬೆಳಿಗ್ಗೆ ಐದೂವರೆ. ಪ್ರಯೋಗಾಲಯದ ಹಿಂದಿನ ಕೋಣೆಯಲ್ಲಿ ಕುಲುಮೆ ಆರಿದೆ. ಎತ್ತರದ ಸ್ಟೂಲಿನ ಮೇಲೆ ಕುಳಿತ ಹೆಂಗಸು ಅದರ ಶಾಖದ ಅಂಕಿ ಇಳಿಯುವುದನ್ನೇ ನೋಡುತ್ತಿದ್ದಾರೆ. ಎಂಬತ್ತು. ಎಪ್ಪತ್ತೆಂಟು. ಐವತ್ತಾಗದೆ ಬಾಗಿಲು ತೆಗೆಯುವಂತಿಲ್ಲ.

“ದಿಟ್ಟಿಸಿ ನೋಡಿದ್ರೆ ಬೇಗ ತಣ್ಣಗಾಗುತ್ತಾ, ಪುಡಿಯಕ್ಕ?” ಗ್ಯಾಸ್ ಸಿಲಿಂಡರ್ ನೋಡಿಕೊಳ್ಳುವಾತ ಕೇಳುತ್ತಾರೆ.

“ನೀವು ಬಾಯಿ ಮುಚ್ಚಿದ್ರೆ ಇನ್ನೂ ಬೇಗ ಆಗುತ್ತೆ.”

ಇಲ್ಲಿ ಎಲ್ಲರಿಗೂ ಅವರು ಪುಡಿಯಕ್ಕನೇ. ಹಿಂದೆ ಪಿಂಗಾಣಿ ಕಾರ್ಖಾನೆಯಲ್ಲಿ ಬಣ್ಣ ಅರೆಯುತ್ತಿದ್ದರು. ಅದು ಮುಚ್ಚಿದ ಮೇಲೆ ಇಲ್ಲಿಗೆ ಬಂದು ಹನ್ನೊಂದು ವರ್ಷ. ಇವತ್ತಿಗೂ ಕೆಲಸ ಕಾಯಂ ಆಗಿಲ್ಲ. ಒಂದು ಸಲಕ್ಕೆ ಐದು ಗ್ರಾಂ ಪುಡಿ, ಕಲ್ಬತ್ತಿನಲ್ಲಿ ನಲವತ್ತು ನಿಮಿಷ ಅರೆಯಬೇಕು. ದಿನಕ್ಕೆ ನಾಲ್ಕು ಸಲ. ಬಲಭುಜ ಎಡಭುಜಕ್ಕಿಂತ ತುಸು ಕೆಳಗೆ ಜಗ್ಗಿದೆ.

ಬಿಳಿ ಎಲ್‌ಇಡಿ ದೀಪದ ಚಿಪ್ ಸೂಸುವುದು ನೀಲಿ ಬೆಳಕು. ಅದರ ಮೇಲೆ ಬಳಿದ ಫಾಸ್ಫರ್ ಎಂಬ ಪುಡಿ ಆ ನೀಲಿಯನ್ನು ಒಂದಿಷ್ಟು ಕುಡಿದು ಹಳದಿ ಬೆಳಕಾಗಿ ಹೊರಬಿಡುತ್ತದೆ. ಎರಡೂ ಬೆರೆತು ಕಣ್ಣಿಗೆ ಬಿಳಿ. ಆದರೆ ಕೆಂಪು ಸಾಲದು. ಆ ಬೆಳಕಿನಲ್ಲಿ ಮುಖಗಳು ಬಿಳಿಚಿಕೊಳ್ಳುತ್ತವೆ. ಪುಡಿಯಕ್ಕನ ತಾಯಿ ಬಟ್ಟೆ ಹೊಲಿಯುತ್ತಾರೆ. ಮನೆಯ ದೀಪದಡಿ ಅವರಿಗೆ ಕೆಂಪು ದಾರಕ್ಕೂ ಕಂದು ದಾರಕ್ಕೂ ವ್ಯತ್ಯಾಸ ಕಾಣುವುದಿಲ್ಲ.

ಕೊರತೆ ಬಿದ್ದ ಕೆಂಪನ್ನು ತುಂಬುವ ಪುಡಿಗಾಗಿ ಇಲ್ಲಿ ಎರಡು ವರ್ಷದಿಂದ ಹುಡುಕಾಟ ನಡೆದಿದೆ. ಅರೆದದ್ದನ್ನು ಮೂಸೆ ಎಂಬ ಪುಟ್ಟ ಬಟ್ಟಲಿನಲ್ಲಿಟ್ಟು ಕುಲುಮೆಯಲ್ಲಿ ಬೇಯಿಸುತ್ತಾರೆ. ಹತ್ತೊಂಬತ್ತನೇ ಮೂಸೆಯ ಪುಡಿ ನೀಲಿ ಬೆಳಕಿನಡಿ ಕೆಂಡದಂತೆ ಹೊಳೆಯಿತು. ಆಮೇಲೆ ಹನ್ನೊಂದು ಸಲ ಮಾಡಿದರೂ ಆ ಹೊಳಪು ಮರಳಲಿಲ್ಲ. ವಿಜ್ಞಾನಿ ಮೇಡಂ ತಮ್ಮ ಲೆಕ್ಕವನ್ನೇ ಅನುಮಾನಿಸಿದರು. ತಿಂಗಳೊಳಗೆ ಆಗದಿದ್ದರೆ ಕೆಲಸ ನಿಲ್ಲಿಸಿ ಎಂದು ಮೇಲಿನವರ ಪತ್ರ ಬಂತು.

ಕಾರಣ ಗೊತ್ತಿದ್ದವರು ಪುಡಿಯಕ್ಕ ಒಬ್ಬರೇ. “ಆವತ್ತು ಬೇಯ್ತಾ ಇರುವಾಗಲೇ ಕರೆಂಟ್ ಹೋಯ್ತು. ಅಂಥದ್ದನ್ನ ಎಸೆದು, ಪುಸ್ತಕದಲ್ಲಿ ಬರೀಬೇಕು. ನಂಗೆ ಎಸೆಯೋಕೆ ಕೈ ಬರ್ಲಿಲ್ಲ. ಗಟ್ಟಿಯಾಗಿದ್ದನ್ನ ತೆಗೆದು ಮತ್ತೆ ಅರೆದು ಬೇಯಿಸಿದೆ. ಪುಸ್ತಕದಲ್ಲಿ ‘ಸರಿ’ ಅಂತ ಬರೆದುಬಿಟ್ಟೆ.”

ಅದನ್ನು ಮೂರು ತಿಂಗಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಕೆಲಸ ಹೋದೀತೆಂಬ ಭಯ. ಆ ಪತ್ರದ ಸುದ್ದಿ ಕೇಳಿದ ದಿನ ಮೇಡಂಗೆ ಹೇಳಿಬಿಟ್ಟರು.

“ಮೇಡಂ ಬೈಲಿಲ್ಲ. ಕುರ್ಚಿ ಎಳೆದು, ‘ಕೂತ್ಕೊಳ್ಳಿ ಅಕ್ಕ, ಏನೇನು ಮಾಡಿದ್ರಿ ಒಂದೊಂದಾಗಿ ಹೇಳಿ’ ಅಂದ್ರು. ಬೈದಿದ್ರೇ ವಾಸಿ ಇತ್ತು.”

ಅರ್ಧ ಬೆಂದದ್ದನ್ನು ತೆಗೆದು ಅರೆದು ಮತ್ತೆ ಬೇಯಿಸಿದಾಗ ಎರಡು ಸಲ ಹೊಳಪು ಬಂತು. ಮೂರನೆಯ ಸಲವೂ ಬಂದರೆ ಈ ಹುಡುಕಾಟ ಉಳಿಯುತ್ತದೆ. ಅದೇ ಈಗ ಕುಲುಮೆಯೊಳಗಿರುವುದು.

ಐವತ್ತು. ಅವರು ಬಾಗಿಲು ತೆಗೆದು, ಇಕ್ಕಳದಲ್ಲಿ ಮೂಸೆ ಹಿಡಿದು ಹೊರತರುತ್ತಾರೆ. ಒಳಬಂದ ಮೇಡಂ ದೀಪ ಆರಿಸಿ ನೀಲಿ ಟಾರ್ಚ್ ಹಿಡಿಯುತ್ತಾರೆ. ಮೂಸೆಯ ತಳ ಕೆಂಪಗೆ ಹೊತ್ತಿಕೊಳ್ಳುತ್ತದೆ. ಹೊಳಪು ಅಳೆಯುವ ಯಂತ್ರಕ್ಕೆ ಇಟ್ಟಾಗ ಹತ್ತೊಂಬತ್ತನೇ ಮೂಸೆಯದೇ ಅಂಕಿ.

“ಅಕ್ಕ, ಪುಸ್ತಕ ತನ್ನಿ. ನೀವೇ ಬರೀರಿ.”

ಪುಡಿಯಕ್ಕ ಕೈ ಒರೆಸಿಕೊಂಡು ದುಂಡಗೆ ಬರೆಯುತ್ತಾರೆ: ‘ಅರ್ಧ ಬೆಂದ ಮೇಲೆ ತೆಗೆದು, ಮತ್ತೆ ನಲವತ್ತು ನಿಮಿಷ ಅರೆದದ್ದು.’ ಈ ಸಲ ‘ಸರಿ’ ಎಂದು ಬರೆಯುವುದಿಲ್ಲ.

ಈ ಪುಡಿಯ ದೀಪ ತಯಾರಾದಾಗ ನಿಮಗೇನು ಬೇಕೆಂದು ಸಿಲಿಂಡರ್ ನೋಡಿಕೊಳ್ಳುವಾತ ಕೇಳಿದರೆ ಅವರು ಕಲ್ಬತ್ತು ತೊಳೆಯುವುದನ್ನು ನಿಲ್ಲಿಸುವುದಿಲ್ಲ.

“ಒಂದು ದೀಪ ಸಾಕು, ಅಮ್ಮನ ಮೆಷಿನ್ ಮೇಲೆ ಹಾಕೋಕೆ. ‘ಇದು ಕೆಂಪಾ, ಕಂದಾ, ಬಂದು ನೋಡೇ’ ಅಂತ ದಿನಾ ಕರೀತಾರೆ. ಒಂದು ಸಂಜೆ ಕರೀದೇ ಇದ್ರೆ, ನಾನು ಮಾಡಿದ್ದು ಏನಂತ ನಂಗೆ ಗೊತ್ತಾಗುತ್ತೆ.”