ಮಾವನಿಗೊಂದು ಬೇರೆ ವೈಫೈ

ಅಕ್ಕಪಕ್ಕದವರೆಲ್ಲ ಬಳಸಿ ಬಳಸಿ ಮನೆಯ ವೈಫೈ ತೆವಳುತ್ತಿತ್ತು. ಹಲ್ಲಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಸೊಸೆ ಬೇಸತ್ತು, ಉದ್ದನೆಯ ಹೊಸ ಪಾಸ್‌ವರ್ಡ್ ಹಾಕಿದಳು. ಕಿವಿ ಮಂದವಾಗಿದ್ದ ಮಾವ ಬಾಲ್ಕನಿಯಲ್ಲಿ ಕೂತು, ಅದರ ಒಂದೊಂದೇ ಅಕ್ಷರವನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಾ ಫೋನಿನಲ್ಲಿ ಒತ್ತಿದರು.

ಮೇಲಿನ ಮನೆಯಾಕೆ ಇಣುಕಿ, "ಕೊನೇದು ಎರಡಾ, ಮೂರಾ? ಸರಿಯಾಗಿ ಕೇಳಿಸ್ಲಿಲ್ಲ" ಎಂದಳು.

ಸೊಸೆಗೆ ಮೈಯೆಲ್ಲ ಉರಿದುಹೋಯಿತು. ಮತ್ತೆ ಬದಲಿಸಿದಳು, ಮಾವ ಮತ್ತೆ ಕೂಗಿದರು. ಕೊನೆಗೆ ರೂಟರ್‌ನ ಸೆಟ್ಟಿಂಗ್ ತೆರೆದು, ತನ್ನ ಪಾಸ್‌ವರ್ಡನ್ನು ಗುಟ್ಟಾಗಿ ಬದಲಿಸಿ, ಮಾವನಿಗೆ 'ಗೆಸ್ಟ್' ಎಂಬ ಬೇರೆ ನೆಟ್‌ವರ್ಕ್ ಮಾಡಿಕೊಟ್ಟಳು.

ಫೋನ್ ನೋಡಿದ ಮಾವ ಮುಖ ಊದಿಸಿಕೊಂಡರು. "ಏನಮ್ಮಾ, ನನ್ನ ಮನೇಲಿ ನಾನೇ ಗೆಸ್ಟಾ? ನಂಗೆ ಊಟ ಬೇಡ."

ಅವಳು ಹಣೆ ಚಚ್ಚಿಕೊಂಡು, ಹೆಸರನ್ನು 'ಯಜಮಾನರು' ಎಂದು ತಿದ್ದಿದಳು. ಆಮೇಲೆಯೇ ಮಾವ ಊಟಕ್ಕೆ ಎದ್ದರು.