ಅರವತ್ತೇಳನೇ ತಟ್ಟೆ

ಹಿರೇಗುಂಟನೂರಿನ ಕುರಿಗಾರರ ಮನೆಯ ಯಶೋದಾ ಚಿತ್ರದುರ್ಗದ ಒಂದು ಪ್ರಯೋಗಾಲಯದಲ್ಲಿ ಸಂಶೋಧಕಿ. ಏನು ಕೆಲಸವೆಂದು ಊರಲ್ಲಿ ಯಾರಾದರೂ ಕೇಳಿದರೆ "ಕೀವು ಪರೀಕ್ಷೆ ಮಾಡ್ತೀನಿ" ಎಂದು ಮಾತು ಮುಗಿಸುತ್ತಿದ್ದಳು. ಸುತ್ತಲ ತಾಲ್ಲೂಕುಗಳ ಆಸ್ಪತ್ರೆಗಳಿಂದ, ಮಾಯದ ಗಾಯಗಳ ಕೀವು ಅವಳ ಮೇಜಿಗೆ ಬರುತ್ತಿತ್ತು. ರೋಗಿಯ ಹೆಸರಿರುತ್ತಿರಲಿಲ್ಲ, ಬರೀ ನಂಬರು. ಅದರೊಳಗಿನ ಬ್ಯಾಕ್ಟೀರಿಯಾವನ್ನು ತಟ್ಟೆಯಲ್ಲಿ ಬೆಳೆಸಿ, ಮೇಲೆ ಔಷಧಿ ಹೀರಿದ ಕಾಗದದ ಬಿಲ್ಲೆಗಳನ್ನಿಡುತ್ತಿದ್ದಳು. ಔಷಧಿ ನಾಟಿದರೆ ಬಿಲ್ಲೆಯ ಸುತ್ತ ಏನೂ ಬೆಳೆಯದ ಒಂದು ಉಂಗುರ ಮೂಡುತ್ತದೆ. ನಾಟದಿದ್ದರೆ ಇಲ್ಲ.

ಅರವತ್ತೇಳನೇ ತಟ್ಟೆಯಲ್ಲಿ ಒಂದೂ ಉಂಗುರವಿರಲಿಲ್ಲ.

ಮೂರು ವರ್ಷದಲ್ಲಿ ಅಂಥದ್ದು ಸಿಕ್ಕಿರಲಿಲ್ಲ. ಅವಳು ತಟ್ಟೆಯನ್ನು ಬೆಳಕಿಗೆ ಹಿಡಿದು ಫೋಟೋ ತೆಗೆದಳು. ಮಾರ್ಗದರ್ಶಕರಾದ ಲಕ್ಷ್ಮೀಕಾಂತ್ ಸರ್ ನೋಡಿ, "ಇದೊಂದೇ ಸಾಕಮ್ಮ, ಒಳ್ಳೆ ಪೇಪರ್ ಆಗುತ್ತೆ" ಎಂದರು. ಯಶೋದಾಗೆ ಖುಷಿಯೇ ಆಯಿತು. ಆ ಖುಷಿಯನ್ನು ಅವಳು ಇವತ್ತಿಗೂ ಮರೆತಿಲ್ಲ.

ಫಲಿತಾಂಶ ತಿಳಿಸಲು ಕೀವು ಕಳಿಸಿದ ಆಸ್ಪತ್ರೆಗೆ ಫೋನ್ ಮಾಡಿದಳು. ಅಲ್ಲಿನ ನರ್ಸ್ ಕಾವ್ಯಶ್ರೀ ನಂಬರು ಹುಡುಕಿ ಹೇಳಿದಳು: "ಐಮಂಗಲದ ಹತ್ರ ಕುರಿ ಮಂದೆ ಬಿಟ್ಕೊಂಡಿದ್ರಲ್ಲ ಮೇಡಂ, ತಿಪ್ಪಕ್ಕ ಅಂತ. ನಿಮ್ಮೂರ ಕಡೆಯೋರೇ."

ತಿಪ್ಪಕ್ಕ ಯಶೋದಾಳ ಸೋದರತ್ತೆ. ತಾಯಿ ತೀರಿದ ಮೇಲೆ ಇವಳನ್ನು ಎತ್ತಿ ಆಡಿಸಿ ಬೆಳೆಸಿದವಳು. ಹದಿನೈದು ದಿನದ ಹಿಂದೆ ಫೋನಿನಲ್ಲಿ "ಕಾಲಿಗೆ ಜಾಲಿಮುಳ್ಳು ನೆಟ್ಟೈತೆ, ಅಷ್ಟೇ ಕಣೇ" ಎಂದಿದ್ದಳು. ಯಶೋದಾ ಯಾವುದೋ ವರದಿ ಬರೆಯುವ ಗಡಿಬಿಡಿಯಲ್ಲಿ ಹ್ಞೂಂಗುಟ್ಟಿದ್ದಳು.

ಮರುದಿನವೇ ಅತ್ತೆಯನ್ನು ದುರ್ಗಕ್ಕೆ ತಂದರು. ಕಾಲು ಮೊಣಕಾಲಿನವರೆಗೆ ಬಾತು ಕಪ್ಪಿಟ್ಟಿತ್ತು. ಹೊರಗೆ ಕಂಬಳಿ ಹೊದ್ದು ಕೂತಿದ್ದ ಅತ್ತೆಯ ಗಂಡ, ಮಾಮ ಯತ್ತಪ್ಪನನ್ನು ಕೇಳಿದರೆ ಒಂದೊಂದೇ ಹೊರಬಿತ್ತು. ಜ್ವರ ಬರಲಿ, ಮುಳ್ಳು ನೆಡಲಿ, ಅಂಗಡಿಯಿಂದ ಗುಳಿಗೆ ತರುವುದು, ನೋವು ಇಳಿದ ಕೂಡಲೇ ಬಿಡುವುದು. ಎಷ್ಟೋ ವರ್ಷದಿಂದ ಹಾಗೇ. ಈ ಸಲ ಕುರಿಗೆಂದು ತಂದ ಔಷಧಿ ಪುಡಿಯನ್ನೂ ಗಾಯಕ್ಕೆ ಉದುರಿಸಿದ್ದರು.

ಉಳಿದಿದ್ದು ಬಿಲ್ಲೆಯಿಟ್ಟು ಪರೀಕ್ಷಿಸಲು ಬಾರದ ಒಂದೇ ಹಳೆಯ ಔಷಧಿ. "ಸಕ್ಕರೆ ಕಾಯಿಲೆಯಿಂದ ಕಿಡ್ನಿ ಮೊದಲೇ ಸೋತಿದೆ. ಇದು ಇನ್ನಷ್ಟು ಹೊಡೆಯುತ್ತೆ. ಕೊಡದಿದ್ದರೂ ಉಳಿಯೋದು ಕಷ್ಟ" ಎಂದರು ಡಾಕ್ಟರ್ ದೀಪಾ.

ತಿಪ್ಪಕ್ಕ ಯಶೋದಾಳ ಕೈ ಹಿಡಿದುಕೊಂಡಳು. "ನೀನು ಇದ್ನೇ ಅಲ್ವೇನೇ ಓದಿದ್ದು? ನೀನು ಹೇಳಿದ್ದು ಹಾಕ್ಲಿ."

ಯಶೋದಾ ಹಾಕಿ ಎಂದಳು. ಮೊದಲ ಎರಡು ದಿನ ಜ್ವರ ಇಳಿಯಿತು. ಅತ್ತೆ ಗಂಜಿ ಕುಡಿದಳು, ಯಾವ ಕುರಿ ಈದಿದೆ ಎಂದು ಗಂಡನನ್ನು ವಿಚಾರಿಸಿದಳು. ನಾಲ್ಕನೇ ದಿನ ಮೂತ್ರ ನಿಂತಿತು. ಡಯಾಲಿಸಿಸ್ ತಡೆಯುವಷ್ಟು ಶಕ್ತಿ ಅವಳ ಮೈಯಲ್ಲಿರಲಿಲ್ಲ. ಆರನೇ ದಿನ ಮಧ್ಯಾಹ್ನ ತೀರಿಹೋದಳು.

ತಿಥಿ ಮುಗಿದ ಮೇಲೆ ಯತ್ತಪ್ಪ ಜಗಲಿಯ ಮೇಲೆ ಕೂತು, ಮುಖ ನೋಡದೆ ಕೇಳಿದ: "ನಾನು ತಂದ್ಕೊಟ್ಟ ಗುಳಿಗೆಯಿಂದ್ಲೇ ಹಿಂಗಾತೇನವ್ವ?"

ಅರ್ಧಕ್ಕೆ ಬಿಟ್ಟ ಔಷಧಿಗೆ ಬ್ಯಾಕ್ಟೀರಿಯಾ ಪಳಗುತ್ತದೆ, ನಿಜ. ಆದರೆ ಇದು ಎಲ್ಲಿ ಪಳಗಿತು, ಯಾರ ಮೈಯಲ್ಲಿ, ಯಾವ ನೀರಲ್ಲಿ, ಯಾವ ಆಸ್ಪತ್ರೆಯ ಹಾಸಿಗೆಯಲ್ಲಿ. ಒಬ್ಬರ ವಿಷಯದಲ್ಲಿ ಹೀಗೇ ಎಂದು ಹೇಳಲಾಗದು. ಅವಳಿಗೆ ಸುಳ್ಳು ಹೇಳಲೂ ಬರಲಿಲ್ಲ.

"ಹಂಗಂತ ಹೇಳಕ್ಕೆ ಬರಲ್ಲ ಮಾಮ."

"ಅಲ್ಲ ಅಂತ್ಲೂ ಹೇಳಕ್ಕೆ ಬರಲ್ಲ, ಅಲ್ವಾ?"



ಅಂದಿನಿಂದ ಯತ್ತಪ್ಪ ಗುಳಿಗೆಯನ್ನೇ ಮುಟ್ಟುವುದಿಲ್ಲ. ಕಳೆದ ಚಳಿಗಾಲದಲ್ಲಿ ಎದೆಗೆ ಕಫ ಕಟ್ಟಿ ಉಸಿರಾಡಲು ಒದ್ದಾಡಿದ. ಈ ಸಲ ಔಷಧಿ ಬೇಕೇ ಬೇಕಿತ್ತು, ನಾಟುವಂಥದ್ದೂ ಇತ್ತು. ಯಶೋದಾ ರಜೆ ಹಾಕಿ ಬಂದು ಮುಂದೆ ಕೂತು ಬೇಡಿಕೊಂಡಳು. ಅವನು ಗೋಡೆಯ ಕಡೆ ಹೊರಳಿದ. ಮೂರನೇ ದಿನ, ಅವಳು ಅತ್ತಿದ್ದು ನೋಡಲಾರದೆ ಬಾಯಿ ತೆರೆದ. ಐದು ದಿನವೂ, ಹೊತ್ತು ಹೊತ್ತಿಗೆ, ಅವನು ನುಂಗುವವರೆಗೆ ಅವಳು ಲೋಟ ಹಿಡಿದು ನಿಂತಿದ್ದಳು.