ಧೂಳೋ ಕುರಿಯೋ

ನನ್ನ ಹಳೆಯ ಕ್ಯಾಮೆರಾದ ಅಗಲ ರೀಲಿನಲ್ಲಿ ಹಿಡಿಯುವುದು ಹನ್ನೆರಡೇ ಚಿತ್ರ. ಆ ರೀಲು ತೊಳೆದು ಬರುವ ತನಕ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಚನ್ನರಾಯನದುರ್ಗದ ಬೆಟ್ಟದಲ್ಲಿ ದೂರದ ಬಂಡೆಯ ಮೇಲೆ ಮೇಯುತ್ತಿದ್ದ ಕುರಿಮಂದೆಯೊಂದರ ಚಿತ್ರ ತೆಗೆಯುವಾಗ, ಎಷ್ಟು ಕುರಿ ಎಂದು ಕೇಳಿದ್ದೆ.

"ಕುರಿ ಎಣಿಸ್ಬಾರ್ದು ಕಣಣ್ಣ, ದಿಷ್ಟಿ ಆಗ್ತೈತೆ" ಎಂದು ಕುರಿ ಕಾಯುವವನು ಮುಖ ಗಂಟಿಕ್ಕಿದ್ದ.

ಮಧುಗಿರಿಯ ಮನೆಯಲ್ಲಿ ನೆಗೆಟಿವ್ ಸ್ಕ್ಯಾನ್ ಮಾಡಿದರೆ ಕಪ್ಪು ಬಂಡೆಯ ತುಂಬ ಬಿಳಿ ಚುಕ್ಕಿ. ಹಾಳು ಧೂಳು! ಹಲ್ಲು ಕಚ್ಚಿಕೊಂಡು ಕಂಪ್ಯೂಟರಿನಲ್ಲಿ ಒಂದೊಂದೇ ಚುಕ್ಕಿ ಅಳಿಸುತ್ತ ಹೋದೆ. ಯಾವುದೋ ಒಂದನ್ನು ಹಿಗ್ಗಿಸಿ ನೋಡಿದಾಗ ನಾಲ್ಕು ಕಾಲು ಕಂಡವು.

ಮತ್ತೆ ಮೊದಲಿಂದ ಸ್ಕ್ಯಾನ್ ಮಾಡಿದೆ. ಮಿಕ್ಕ ಚುಕ್ಕಿಗಳು ಎಷ್ಟು ಹಿಗ್ಗಿಸಿದರೂ ಬರೀ ಮಸುಕು. ಧೂಳು ಯಾವುದು, ಕುರಿ ಯಾವುದು? ತಾಳೆ ನೋಡೋಣವೆಂದರೆ ಎಣಿಸಿದವರೇ ಇಲ್ಲ. ಒಂದನ್ನೂ ಮುಟ್ಟದೆ ಪ್ರಿಂಟ್ ಹಾಕಿಸಿ, ಬೆಟ್ಟಕ್ಕೆ ಹೋಗಿ ಅವನ ಕೈಗೆ ಕೊಟ್ಟೆ.

ಅವನು ಮಂದೆಯಿಂದ ದೂರ, ಬಂಡೆಯಂಚಿನಲ್ಲಿದ್ದ ಒಂಟಿ ಚುಕ್ಕಿಯ ಮೇಲೆ ಬೆರಳಿಟ್ಟ.

"ಇದು ನಮ್ ಕುಂಟಿ ಕಣಣ್ಣ. ಯಾವಾಗ್ಲೂ ಹಿಂದೇ ಉಳ್ಕಂತೈತೆ."

ಮೊದಲ ಸಲ ನಾನು ಎಲ್ಲಕ್ಕಿಂತ ಮುಂಚೆ ಅಳಿಸಿದ್ದು ಅದನ್ನೇ.